ಹೊಳೆ ದಾಟಿದ ಹೆದ್ದಾರಿ

ಕುಂದಾಪುರದಿಂದ ಉತ್ತರಕ್ಕೆ ಹೊರಟ ಪ್ರಯಾಣಿಕನು ಮರವಂತೆಗೆ ಬಂದೊಡನೆ, ಅದುವರೆಗೆ ಆಡುತ್ತಿದ್ದ ಮಾತನ್ನು ತನಗರಿವಿಲ್ಲದೆಯೇ ನಿಲ್ಲಿಸಿಬಿಡುವುದುಂಟು. ಎಡಗಡೆಗೆ ಅರಬ್ಬೀ ಸಮುದ್ರ, ಬಲಗಡೆಗೆ ಸೌಪರ್ಣಿಕಾ ನದಿ, ಇವೆರಡರ ನಡುವಣ ಕಿರಿದಾದ ನೆಲದ ಮೇಲೆ ಹೆದ್ದಾರಿ. ಒಂದು ಕಡೆ ತೆರೆಗಳು ಬಂಡೆಗಳಿಗೆ ಅಪ್ಪಳಿಸುತ್ತಿದ್ದರೆ, ಇನ್ನೊಂದು ಕಡೆ ತೆಂಗಿನ ಮರಗಳ ನೆರಳು ನಿಶ್ಚಲವಾದ ನೀರಿನಲ್ಲಿ ಬಿದ್ದಿರುತ್ತದೆ. ಚಿತ್ರಪಟದಲ್ಲಾದರೂ ಈ ನೋಟವನ್ನು ಕಾಣದ ಕನ್ನಡಿಗರು ವಿರಳವೆಂದೇ ಹೇಳಬೇಕು.

ಆದರೆ ಕರಾವಳಿಯ ರಸ್ತೆಯ ಕಷ್ಟವೂ ಈ ಸೊಬಗಿನಲ್ಲಿಯೇ ಅಡಗಿದೆ. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ಸಮತಟ್ಟಾದ ನೆಲ ಬಲು ಕಡಮೆ. ಉತ್ತರ ಕನ್ನಡದಲ್ಲಂತೂ ಗುಡ್ಡಗಳು ಹಲವೆಡೆ ಕಡಲಿನವರೆಗೂ ಬಂದು ನಿಂತಿವೆ. ಗುಡ್ಡವಿಲ್ಲದೆಡೆ ಹೊಳೆ, ಹೊಳೆಯಿಲ್ಲದೆಡೆ ಗದ್ದೆ, ತೋಟ, ಮನೆ. ಇಲ್ಲಿ ರಸ್ತೆಯನ್ನು ಒಂದು ಮಾರು ಅಗಲ ಮಾಡಬೇಕಾದರೂ ಏನನ್ನಾದರೂ ಕಡಿಯಬೇಕು, ಇಲ್ಲವೆ ಯಾರನ್ನಾದರೂ ಎಬ್ಬಿಸಬೇಕು.

ಮುಂಬಯಿಯ ಸಮೀಪದ ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರು ಹಬ್ಬಿರುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗವಿದು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಡುವವರೆಗೆ ಇದಕ್ಕೆ ಹದಿನೇಳನೆಯ ಹೆದ್ದಾರಿ ಎಂದು ಹೆಸರಿದ್ದಿತು. ಕರ್ನಾಟಕದಲ್ಲಿ ಇದು ದಕ್ಷಿಣದ ತಲಪಾಡಿಯಿಂದ ಉತ್ತರದ ಮಾಜಾಳಿಯವರೆಗೆ ಸುಮಾರು 280 ಕಿಲೋಮೀಟರು ಸಾಗುತ್ತದೆ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ — ಕರಾವಳಿಯ ಮುಖ್ಯ ಪಟ್ಟಣಗಳೆಲ್ಲವೂ ಈ ಒಂದು ದಾರಕ್ಕೆ ಪೋಣಿಸಿದ ಮಣಿಗಳಂತೆ ಇವೆ.

ಕಡವುಗಳ ಕಾಲ

ಈ ದಾರ ಬಹು ಕಾಲ ತುಂಡುತುಂಡಾಗಿಯೇ ಇದ್ದಿತು. ನೇತ್ರಾವತಿ, ಫಲ್ಗುಣಿ, ನಂದಿನಿ, ಶಾಂಭವಿ, ಉದ್ಯಾವರದ ಹೊಳೆ, ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ — ಘಟ್ಟದಿಂದ ಇಳಿದು ಕಡಲನ್ನು ಸೇರುವ ಈ ನೀರುಗಳೆಲ್ಲ ದಾರಿಗೆ ಅಡ್ಡಲಾಗಿಯೇ ಹರಿಯುತ್ತವೆ. ಅಳಿವೆಯ ಬಳಿ ಇವುಗಳ ಅಗಲ ಕಣ್ಣು ಹಾಯುವಷ್ಟು.

ಕಡವಿನವರೆಗೆ ಬಂದ ಬಸ್ಸು ಅಲ್ಲಿಯೇ ನಿಲ್ಲುವುದು. ಜನರು ಗಂಟುಮೂಟೆಗಳೊಡನೆ ಇಳಿದು ದೋಣಿಯೇರುವುದು. ಆಚೆಯ ದಡದಲ್ಲಿ ಇನ್ನೊಂದು ಬಸ್ಸನ್ನು ಹಿಡಿಯುವುದು — ಇದು ನಮ್ಮ ಹಿರಿಯರ ಪ್ರಯಾಣದ ಕ್ರಮ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ, ಅದರ ಮೇಲೆ ಮೋಟಾರುಗಳನ್ನೂ ದಾಟಿಸುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಬ್ಬಿ ಬಂದರೆ ಅಂಬಿಗನು ದಡದ ಮೇಲೆ ನಿಂತು ನೀರನ್ನು ನೋಡುವನು. ಅವನು ತಲೆಯಾಡಿಸಿದರೆ ಸರಿ. ಇಲ್ಲವಾದರೆ ತಹಸೀಲ್ದಾರರ ಸವಾರಿಯಾದರೂ ಅಂದು ಈಚೆಯ ದಡದಲ್ಲಿಯೇ ತಂಗಬೇಕು. ನೀರಿಳಿಯುವವರೆಗೆ ಕಾಯುವುದು ಯಾರಿಗೂ ಅವಮಾನವೆಂದು ತೋರುತ್ತಿರಲಿಲ್ಲ.

ಆಡಳಿತವೂ ಈ ದಾರಿಯನ್ನು ಎರಡಾಗಿಯೇ ನೋಡಿತು. ಒಂದೇ ಆಗಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಭಾಗ ಮದರಾಸಿನಲ್ಲಿ ಉಳಿಯಿತು. ಇವೆರಡೂ ಒಂದೇ ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ ಒಂದರಂದು. ಸೇತುವೆಗಳು ಒಂದೊಂದಾಗಿ, ನಿಧಾನವಾಗಿ ಎದ್ದವು. ಮಂಗಳೂರಿನ ಬಳಿ ಕೂಳೂರಿನ ಕಮಾನು ಸೇತುವೆ 1952ರದು. ಕಾರವಾರದಲ್ಲಿ ಕಾಳಿಗೆ ಹೆದ್ದಾರಿಯ ಸೇತುವೆಯಾದುದು 1980ರ ದಶಕದ ಆರಂಭದಲ್ಲಿ. ಅದುವರೆಗೆ ಕಾರವಾರದವರು ಎದುರಿಗೆ ಕಾಣುವ ಸದಾಶಿವಗಡಕ್ಕೆ ಹೋಗಬೇಕಾದರೂ ನೀರಿನ ಮೇಲೆಯೇ ಹೋಗಬೇಕಾಗಿದ್ದಿತು.

ಎರಡು ನಾಲ್ಕಾದುದು

2010ರ ದಶಕದಲ್ಲಿ ಈ ಹೆದ್ದಾರಿಯನ್ನು ಚತುಷ್ಪಥವಾಗಿ ಮಾರ್ಪಡಿಸುವ ಕೆಲಸ ಕರ್ನಾಟಕದ ಕರಾವಳಿಯಲ್ಲಿ ವ್ಯಾಪಕವಾಗಿ ನಡೆಯಿತು. ಹಳೆಯ ಸೇತುವೆಗಳ ಪಕ್ಕದಲ್ಲಿ ಹೊಸ ಸೇತುವೆಗಳು ಎದ್ದವು. ಕಾರವಾರದ ಸಮೀಪ ಬಿಣಗಾದಲ್ಲಿ ಗುಡ್ಡವನ್ನು ಕೊರೆದು ಸುರಂಗಗಳನ್ನು ಮಾಡಿದರು.

ಇದರ ಪ್ರಯೋಜನವನ್ನು ಅಲ್ಲಗಳೆಯುವುದು ಅನ್ಯಾಯ. ಮಲ್ಪೆಯ ಬಂದರಿನಲ್ಲಿ ಮಂಜುಗಡ್ಡೆಯೊಡನೆ ತುಂಬಿದ ಮೀನು ಕೆಡುವ ಮೊದಲೇ ದೂರದ ಪೇಟೆಯನ್ನು ಸೇರುವುದು ಈ ರಸ್ತೆಯಿಂದ. ಭಟ್ಕಳದ ಮಲ್ಲಿಗೆಯ ಬೆಲೆ ಇರುವುದು ಅದು ಬಾಡುವವರೆಗೆ ಮಾತ್ರ. ಮೊಗ್ಗು ಕಟ್ಟಿದ ಹೆಂಗಸರ ದಿನದ ಸಂಪಾದನೆ ಬಸ್ಸಿನ ವೇಗವನ್ನು ನಂಬಿಕೊಂಡಿದೆ. ಎಲ್ಲಕ್ಕಿಂತ ಮಿಗಿಲಾಗಿ, ಉತ್ತರ ಕನ್ನಡದಲ್ಲಿ ಕಠಿಣವಾದ ಕಾಯಿಲೆಗೆ ಬಿದ್ದವರನ್ನೂ ಅಪಘಾತದಲ್ಲಿ ನೊಂದವರನ್ನೂ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವ ದಾರಿ ಇದು. ಕಾರವಾರದಿಂದ ಮಣಿಪಾಲಕ್ಕೆ 200 ಕಿಲೋಮೀಟರಿಗೂ ಹೆಚ್ಚು. ಆ ದೂರದಲ್ಲಿ ಉಳಿತಾಯವಾಗುವ ಅರ್ಧ ಗಂಟೆಗೆ ಬೆಲೆ ಕಟ್ಟುವವರಾರು?

ತೊಂದರೆಯೂ ಜತೆಯಲ್ಲಿಯೇ ಬಂದಿತು. ಊರ ನಡುವೆ ಹಾದ ಅಗಲವಾದ ರಸ್ತೆ ದೂರದ ಊರುಗಳನ್ನು ಹತ್ತಿರಕ್ಕೆ ತಂದು, ಎದುರುಮನೆಯನ್ನು ದೂರ ಮಾಡಿತು. ಶಾಲೆ ಒಂದು ಬದಿಗೆ, ಮನೆ ಇನ್ನೊಂದು ಬದಿಗೆ ಉಳಿದ ಮಕ್ಕಳು ವಾಹನಗಳ ನಡುವೆ ಸಂದು ನೋಡಿ ಓಡಬೇಕಾಯಿತು. ಮಂಗಳೂರಿನ ಪಂಪ್‌ವೆಲ್ಲಿನ ಮೇಲ್ಸೇತುವೆ ವರ್ಷಗಳ ಕಾಲ ಅರ್ಧಕ್ಕೆ ನಿಂತು ಜನರ ಹಾಸ್ಯಕ್ಕೆ ವಸ್ತುವಾಗಿ, ಕಡೆಗೆ 2020ರ ಜನವರಿ 31ರಂದು ತೆರೆಯಿತು. ಸುರತ್ಕಲ್ಲಿನ ಸುಂಕದ ಕಟ್ಟೆಯನ್ನು ತೆಗೆಸಲು ಜನರು ದೀರ್ಘ ಹೋರಾಟ ನಡೆಸಬೇಕಾಯಿತು. 2022ರ ಡಿಸೆಂಬರ್ ಒಂದರಿಂದ ಅಲ್ಲಿ ಸುಂಕ ನಿಂತಿತು. ಆದರೆ ಇವೆಲ್ಲ ಹಣ, ಸಮಯ ಮತ್ತು ತಾಳ್ಮೆಯ ಪ್ರಶ್ನೆಗಳು. ಪ್ರಾಣದ ಪ್ರಶ್ನೆ ಬೇರೆಯೇ ಇದೆ.

ಎರಡು ಶಿರೂರುಗಳು

ಈ ಹೆದ್ದಾರಿಯ ಮೇಲೆ ಶಿರೂರು ಎಂಬ ಹೆಸರಿನ ಊರುಗಳು ಎರಡು. ಒಂದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ. ಇನ್ನೊಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನಲ್ಲಿ. ಎರಡು ವರ್ಷಗಳ ಅಂತರದಲ್ಲಿ, ಜುಲೈ ತಿಂಗಳ ಮಳೆಯಲ್ಲಿಯೇ, ಎರಡು ಹೆಸರುಗಳನ್ನೂ ನಾಡು ದುಃಖದಿಂದ ಉಚ್ಚರಿಸಬೇಕಾಯಿತು.

ಬೈಂದೂರಿನ ಶಿರೂರಿನಲ್ಲಿ 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸು ಸುಂಕದ ಕಟ್ಟೆಯ ಬಳಿ ನೆನೆದ ನೆಲದ ಮೇಲೆ ಜಾರಿ ಉರುಳಿತು. ನಾಲ್ವರು ಮಡಿದರು. ತಮ್ಮ ಜಿಲ್ಲೆಗೇ ಒಂದು ಸುಸಜ್ಜಿತವಾದ ದೊಡ್ಡ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದ ಜನರ ಹಳೆಯ ಕೂಗು ಅಂದಿನಿಂದ ಮತ್ತಷ್ಟು ಗಟ್ಟಿಯಾಯಿತು. ರಸ್ತೆ ಎಷ್ಟೇ ಅಗಲವಾದರೂ ಆಸ್ಪತ್ರೆಯ ಕೆಲಸವನ್ನು ಮಾಡಲಾರದು.

ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಗುಡ್ಡದ ಬುಡಕ್ಕೂ ಗಂಗಾವಳಿಯ ದಡಕ್ಕೂ ನಡುವೆ ಹಾದುಹೋಗುತ್ತದೆ. ಅಲ್ಲೊಂದು ಚಹದಂಗಡಿಯಿದ್ದಿತು. ದೂರದಿಂದ ಬಂದ ಲಾರಿಗಳ ಚಾಲಕರು ಅಲ್ಲಿ ನಿಲ್ಲಿಸಿ, ಚಹ ಕುಡಿದು, ದಣಿವಾರಿಸಿಕೊಳ್ಳುವುದು ವಾಡಿಕೆ. 2024ರ ಜುಲೈ 16ರ ಬೆಳಗ್ಗೆ, ಸತತವಾದ ಮಳೆಯಲ್ಲಿ, ಗುಡ್ಡ ಕುಸಿದು ರಸ್ತೆಯನ್ನು ದಾಟಿ ಹೊಳೆಯೊಳಕ್ಕೆ ಇಳಿಯಿತು. ಅಂಗಡಿಯೊಡನೆ ಅದನ್ನು ನಡೆಸುತ್ತಿದ್ದ ಸಂಸಾರವೂ ಹೋಯಿತು. ಅಡುಗೆ ಅನಿಲದ ಟ್ಯಾಂಕರು ಹೊಳೆಯ ಪಾಲಾಯಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆಯ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹೆದ್ದಾರಿಯಲ್ಲಿ ಕಾಲಿಡದೆ, ಹೊಳೆಯಾಚೆ ತಮ್ಮ ಪಾಡಿಗೆ ತಾವಿದ್ದವರಿಗೂ ಆ ದಿನ ಅದರ ಪೆಟ್ಟು ತಗಲಿತು. ಒಟ್ಟು ಹನ್ನೊಂದು ಮಂದಿಯನ್ನು ಈ ದುರಂತ ನುಂಗಿತು. ಕೇರಳದ ಲಾರಿಯೊಂದು ಅದರ ಚಾಲಕನ ದೇಹದೊಡನೆ ಹೊಳೆಯ ತಳದಿಂದ ಹೊರಬಂದುದು ಸೆಪ್ಟೆಂಬರ್ 25ರಂದು. ಗೋವೆಯಿಂದ ಹೂಳೆತ್ತುವ ಯಂತ್ರವನ್ನು ತರಿಸಿದ ಮೇಲೆ.

ಕೆಂಪು ಗುಡ್ಡದ ಸ್ವಭಾವ

ಗುಡ್ಡವೇಕೆ ಕುಸಿಯಿತು? ಮಳೆಯ ಮೇಲೆ ಹೊಣೆ ಹೊರಿಸಿ ಸುಮ್ಮನಾಗುವುದು ಸುಲಭ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆದರೆ ಈ ಮಳೆ ಹೊಸದಲ್ಲ. ಮಣ್ಣಿನ ಸ್ವಭಾವವನ್ನೂ ತಿಳಿಯಬೇಕು.

1801ರಲ್ಲಿ ಈ ಕರಾವಳಿಯ ಗುಂಟ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್ ಎಂಬ ಆಂಗ್ಲ ಸೇವೆಯ ವೈದ್ಯನು, ಮಲಬಾರಿನಲ್ಲಿ ಕಂಡ ಒಂದು ಬಗೆಯ ಕೆಂಪು ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನಮ್ಮವರು ಅದನ್ನು ಮುರಕಲ್ಲು ಎನ್ನುತ್ತಾರೆ. ನೆಲದೊಳಗಿರುವಾಗ ಮೆತ್ತಗಿದ್ದು ಕೊಯ್ಯಲು ಬರುವ ಈ ಕಲ್ಲು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕರಾವಳಿಯ ಮನೆಗಳ ಗೋಡೆಗಳೆಲ್ಲ ಇದರವೇ. ಆದರೆ ಅನೇಕ ಗುಡ್ಡಗಳಲ್ಲಿ ಈ ಗಟ್ಟಿ ಟೊಪ್ಪಿಗೆಯ ಕೆಳಗೆ ಶೇಡಿ ಮಣ್ಣಿನ ಪದರವಿರುತ್ತದೆ. ಬೇಸಗೆಯಲ್ಲಿ ಅದನ್ನು ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುವುದು. ನೀರು ಕುಡಿದಾಗ ಅದೇ ಮಣ್ಣು ಬಲಗುಂದಿ, ಮೇಲಿನ ಭಾರದೊಡನೆ ಜಾರುವುದು.

ಇಳಿಜಾರಾಗಿರುವ ಗುಡ್ಡಕ್ಕೆ ಬುಡವೇ ಊರುಗೋಲು. ರಸ್ತೆಯನ್ನು ಅಗಲ ಮಾಡುವ ಆತುರದಲ್ಲಿ ಆ ಬುಡವನ್ನು ನೆಟ್ಟಗೆ ಕಡಿದರೆ, ಊರುಗೋಲನ್ನು ಕಿತ್ತಂತೆಯೇ ಸರಿ. ಮೆಟ್ಟಿಲುಮೆಟ್ಟಿಲಾಗಿ ಕಡಿದು, ಮೇಲಿನ ನೀರು ಹರಿದುಹೋಗಲು ಕಾಲುವೆ ಮಾಡಿ, ಹುಲ್ಲು ಗಿಡ ಬೆಳೆಸಿ, ಬುಡಕ್ಕೆ ಬಲವಾದ ಕಟ್ಟೆ ಕಟ್ಟಬೇಕು. ಇದಕ್ಕೆ ಹೆಚ್ಚು ಜಾಗ ಬೇಕು, ಹೆಚ್ಚು ಹಣ ಬೇಕು. ಬೇಸಗೆಯಲ್ಲಿ ಬಂದು ನೋಡುವವರಿಗೆ ಈ ಖರ್ಚು ವ್ಯರ್ಥವೆಂದು ತೋರುವ ಸಂಭವವೂ ಉಂಟು.

ಶಿರೂರಿನ ಶೋಕ ಆರುವ ಮೊದಲೇ, 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿಯ ಹಳೆಯ ಸೇತುವೆ ಮುರಿದು ಬಿದ್ದಿತು. ನಾಲ್ಕು ದಶಕಗಳ ಸೇತುವೆ ಅದು. ಪಕ್ಕದಲ್ಲಿ ಹೊಸದು ಎದ್ದಿದ್ದರೂ ಒಂದು ದಿಕ್ಕಿನ ವಾಹನಗಳು ಅದರ ಮೇಲೆಯೇ ಓಡಾಡುತ್ತಿದ್ದವು. ತಮಿಳುನಾಡಿನ ಲಾರಿಯೊಂದು ನೀರಿಗೆ ಬಿದ್ದಿತು. ಕತ್ತಲಲ್ಲಿ ದೋಣಿಯೊಡನೆ ಹೋದ ಮೀನುಗಾರರು ಪೊಲೀಸರ ಜತೆಗೂಡಿ ಚಾಲಕನನ್ನು ದಡ ಸೇರಿಸಿದರು. ಸೇತುವೆಯಿಂದಾಗಿ ಕಡವಿನ ಅಗತ್ಯ ಅಳಿದು ನಲವತ್ತು ವರ್ಷ ಕಳೆದ ಮೇಲೆ, ಕಾಳಿಯಲ್ಲಿ ಒಂದು ಪ್ರಾಣವನ್ನು ಉಳಿಸಿದುದು ಮತ್ತೆ ದೋಣಿಯೇ.

ನೀರನ್ನು ನೋಡುವವನು ಬೇಕು

ಇದೇ ಕರಾವಳಿಯಲ್ಲಿ ಹೆದ್ದಾರಿಗೆ ಒಬ್ಬ ನೆರೆಯವನಿದ್ದಾನೆ. 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲು ಇದೇ ಗುಡ್ಡಗಳನ್ನೂ ಇದೇ ಹೊಳೆಗಳನ್ನೂ ದಾಟಿ ಹೋಗುತ್ತದೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಅದರ ಸೇತುವೆ ಎರಡು ಕಿಲೋಮೀಟರಿಗೂ ಮಿಗಿಲಾದುದು. ಆ ರೈಲೂ ಪೆಟ್ಟು ತಿಂದೇ ಪಾಠ ಕಲಿಯಿತು. 2003ರಲ್ಲಿ ವೈಭವವಾಡಿಯ ಬಳಿ, 2004ರಲ್ಲಿ ಕರಂಜಾಡಿಯ ಬಳಿ, ಮಳೆಗಾಲದಲ್ಲಿ ಗಾಡಿಗಳು ಹಳಿ ತಪ್ಪಿ ಅನೇಕರು ಸತ್ತರು. ಆಮೇಲೆ ಗುಡ್ಡದ ಬದಿಗಳನ್ನು ತಗ್ಗಿಸಿದರು, ಬಂಡೆಗಳಿಗೆ ಬಲೆ ಹೊದಿಸಿದರು, ಮಳೆಗಾಲದಲ್ಲಿ ಹಳಿಗಳ ಮೇಲೆ ಕಾವಲು ಹೆಚ್ಚಿಸಿದರು. ಮುಂಗಾರು ಬಂದೊಡನೆ ಕೊಂಕಣ ರೈಲಿಗೆ ಬೇರೆಯೇ ವೇಳಾಪಟ್ಟಿ ಜಾರಿಗೆ ಬರುತ್ತದೆ. ಗಾಡಿಗಳು ವೇಗವನ್ನು ಇಳಿಸಿ ಓಡುತ್ತವೆ. ತಡವಾಯಿತೆಂದು ಪ್ರಯಾಣಿಕರು ಗೊಣಗಬಹುದು; ಆದರೆ ಊರು ಸೇರುತ್ತಾರೆ.

ಹೆದ್ದಾರಿಗೆ ಇಂತಹ ಮುಂಗಾರಿನ ವೇಳಾಪಟ್ಟಿ ಇಲ್ಲ. ಕಡಿದ ಗುಡ್ಡಗಳನ್ನು ಒಂದೊಂದಾಗಿ ಪರೀಕ್ಷಿಸುವುದು, ಅಪಾಯವಿರುವ ಬುಡಗಳಲ್ಲಿ ಅಂಗಡಿಯನ್ನಾಗಲಿ ಲಾರಿಗಳ ತಂಗುದಾಣವನ್ನಾಗಲಿ ಬಿಡದೆ ಅವರಿಗೆ ಬೇರೆ ನೆಲೆಯನ್ನು ಒದಗಿಸುವುದು, ಇಂತಿಷ್ಟು ಮಳೆ ಬಿದ್ದರೆ ಆ ಭಾಗವನ್ನು ಮುಚ್ಚತಕ್ಕದ್ದೆಂದು ಮೊದಲೇ ಗೊತ್ತುಮಾಡಿಡುವುದು — ಇವು ರಸ್ತೆ ಕಟ್ಟಿದವರೂ ಆಡಳಿತ ನಡೆಸುವವರೂ ಕೂಡಿ ಮಾಡಬೇಕಾದ ಕೆಲಸ. ಹಳೆಯ ಸೇತುವೆಗಳ ಆಯುಸ್ಸನ್ನು ಅವು ಬೀಳುವ ಮೊದಲು ಪರೀಕ್ಷಿಸುವುದೂ ಹಾಗೆಯೇ.

ಹಿಂದೆ ಹೊಳೆಗೊಬ್ಬ ಅಂಬಿಗನಿದ್ದನು. ಓದು ಬರಹವಿಲ್ಲದಿದ್ದರೂ ನೀರಿನ ಬಣ್ಣ ನೋಡಿ, “ಇಂದು ಬೇಡ” ಎನ್ನುವ ಅಧಿಕಾರ ಅವನಿಗಿದ್ದಿತು. ಅವನ ಮಾತನ್ನು ಎಲ್ಲರೂ ಕೇಳುತ್ತಿದ್ದರು. ಹೊಳೆಗಳನ್ನೆಲ್ಲ ದಾಟಿ ಬಂದ ನಮ್ಮ ಹೆದ್ದಾರಿಯಲ್ಲಿ, ಜುಲೈ ತಿಂಗಳ ರಾತ್ರಿ ಗುಡ್ಡದ ಬುಡದಲ್ಲಿ ನಿಂತು ಆ ಮಾತನ್ನು ಹೇಳುವವರೊಬ್ಬರನ್ನು ನಾವು ಇನ್ನೂ ನೇಮಿಸಬೇಕಾಗಿದೆ.