ಅಜ್ಜನ ಸೈಕಲ್ಲಿಗೆ ಹೊಸ ಚಕ್ರ

ಮಕ್ಕಳೇ, ಅಜ್ಜನ ಹಳೆಯ ಸೈಕಲ್ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದೆಯೇ? ಗುಜರಿಗೆ ಹಾಕುವ ಮೊದಲು ಸ್ವಲ್ಪ ತಾಳಿ. ಹಿಂದಿನ ಚಕ್ರ ಹಾಳಾಗಿದ್ದರೂ ಪೆಡಲಿನ ಹಲ್ಲುಚಕ್ರ ಗಟ್ಟಿಯಾಗಿದ್ದರೆ, ಅದು ಹೊಸ ಚಕ್ರವನ್ನೂ ತಿರುಗಿಸಬಲ್ಲದು!

ಹೇಗೆ ಗೊತ್ತೇ? 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಹ್ಯಾನ್ಸ್ ರೆನೋಲ್ಡ್ ಎಂಬುವರು ರೋಲರ್ ಚೈನಿಗೆ ಪೇಟೆಂಟ್ ಪಡೆದರು. ಇಂದಿನ ಸೈಕಲ್ ಚೈನೂ ಅದೇ ವಂಶದ್ದು. ಅಜ್ಜನ ಸೈಕಲ್ಲಿನದಿರಲಿ, ಗೇರ್ ಸೈಕಲ್ಲಿನದಿರಲಿ, ಸಾಮಾನ್ಯವಾಗಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್.

ಅಗಲ ಮಾತ್ರ ಬೇರೆ. ಹಳೆಯ ಚೈನಿನ ಒಳ ಅಗಲ 1/8 ಇಂಚು. ಗೇರ್ ಸೈಕಲ್ಲಿನದು 3/32 ಇಂಚು ಅಥವಾ ಇನ್ನೂ ಕಡಿಮೆ. ಕಿರಿದಾದ ಚೈನು ಹಳೆಯ ದಪ್ಪ ಹಲ್ಲಿನ ಮೇಲೆ ಕೂರದು. ಅಗಲದ ಚೈನು ಎರಡಕ್ಕೂ ಒಗ್ಗುತ್ತದೆ.

ಹೊಸ ಚಕ್ರದಲ್ಲಿ ಗೇರಿನ ಗೊಂಚಲಿದ್ದರೆ ಅದನ್ನು ತೆಗೆದು ಒಂದೇ ಹಲ್ಲುಚಕ್ರ ಇಟ್ಟು, ಆಚೀಚೆ ಬಳೆಯಂಥ ವಾಷರ್ ತುಂಬುತ್ತಾರೆ. ಹಿಂದಿನಿಂದ ನೋಡಿದಾಗ ಚೈನು ನೇರವಾಗಿ ಕಾಣಬೇಕು; ಓರೆಯಾದರೆ ಕಳಚಿಕೊಂಡೀತು.

ಹಿರಿಯರೇ, ಒಂದು ಎಚ್ಚರ. ಹಳೆಯ ಕಂಬಿ ಬ್ರೇಕು ರಿಮ್ಮನ್ನು ಒಳಮೈಯಿಂದ ಒತ್ತುತ್ತದೆ. ಹೊಸ ರಿಮ್ಮುಗಳಿಗೆ ಹೆಚ್ಚಾಗಿ ಅದು ಹೊಂದದು. ಬ್ರೇಕನ್ನೂ ಬದಲಿಸಿ. ಚಕ್ರದ ಹಬ್ ಅಗಲವಾಗಿದ್ದರೆ ಫ್ರೇಮನ್ನು ನೀವೇ ಎಳೆದು ಹಿಗ್ಗಿಸಬೇಡಿ. ಸೈಕಲ್ ಷಾಪಿನವರಿಗೆ ತೋರಿಸಿ. ಸೈಕಲ್ ಓಡಿದರಷ್ಟೇ ಸಾಲದು, ಬೇಕೆಂದಾಗ ನಿಲ್ಲಲೂಬೇಕು.

ಈ ಭಾನುವಾರ ಅಜ್ಜನ ಜೊತೆ ಕೂತು ಹಲ್ಲು ಎಣಿಸಿ. ಮುಂದೆ 44, ಹಿಂದೆ 22 ಇದ್ದರೆ, ಪೆಡಲಿನ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತು ತಿರುಗುತ್ತದೆ? ಹೇಳಿ ನೋಡೋಣ!