ಎಂಟು ಕಾಲಿನ ಚಿಪ್‌ನಲ್ಲಿ ಯಂತ್ರದ ಜೀವ

ಮಿನಿ ಪಿಸಿಯ ಫರ್ಮ್‌ವೇರ್ ನವೀಕರಣ ಅರ್ಧಕ್ಕೆ ನಿಂತುಹೋದಾಗ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯವು: ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಬೋರ್ಡೇ ಸುಟ್ಟುಹೋಯಿತೆಂದು ಭಾವಿಸಿ ಹೊಸ ಯಂತ್ರ ಕೊಳ್ಳಲು ಹೊರಡುವವರುಂಟು. ಆದರೆ ಇಂತಹ ಸಂದರ್ಭದಲ್ಲಿ ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ ಇವುಗಳಿಗೆ ಸಾಮಾನ್ಯವಾಗಿ ಯಾವ ಪೆಟ್ಟೂ ಬಿದ್ದಿರುವುದಿಲ್ಲ. ಕೆಟ್ಟಿರುವುದು ಬೋರ್ಡಿನ ಮೇಲಿರುವ ಎಂಟು ಕಾಲಿನ ಪುಟ್ಟ ಚಿಪ್‌ ಒಂದರೊಳಗಿನ ಬರಹ ಮಾತ್ರ.

ಯಂತ್ರವು ಎಚ್ಚರಗೊಂಡ ಕೂಡಲೇ ಮೆಮೊರಿಯನ್ನು ಗುರುತಿಸಿ, ಪರದೆ, ಕೀಬೋರ್ಡ್, ಡಿಸ್ಕ್‌ಗಳನ್ನು ಸಜ್ಜುಗೊಳಿಸಿ, ಬಳಿಕ ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯ ಕೈಗೆ ಆಡಳಿತವನ್ನು ಒಪ್ಪಿಸುವ ಮೂಲ ತಂತ್ರಾಂಶವೇ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದು ಬಯೋಸ್ ಆಗಿತ್ತು. ಇಂದಿನವುಗಳಲ್ಲಿ ಇರುವುದು ಯುಇಎಫ್‌ಐ ಎಂಬ ವ್ಯವಸ್ಥೆಯಾದರೂ ಜನರ ಬಾಯಲ್ಲಿ ಬಯೋಸ್ ಎಂಬ ಹೆಸರೇ ಉಳಿದುಕೊಂಡಿದೆ. ಇಂಟೆಲ್ ಪರಂಪರೆಯ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು 4 ಗಿಗಾಬೈಟ್ ಗಡಿಗಿಂತ ಕೇವಲ 16 ಬೈಟ್ ಕೆಳಗಿನ ವಿಳಾಸದಲ್ಲಿ ಹುಡುಕುವಂತೆ ರೂಪುಗೊಂಡಿದ್ದು, ಆ ವಿಳಾಸದ ತಂತು ಹೋಗಿ ಸೇರುವುದು ಇದೇ ಚಿಪ್‌ಗೆ. ವಿನ್‌ಬಾಂಡ್ ಕಂಪನಿಯ 25ಕ್ಯೂ128 ಇಂತಹ ಚಿಪ್‌ಗಳ ಒಂದು ಪ್ರಸಿದ್ಧ ಮಾದರಿ. ಅದರ ಸಾಮರ್ಥ್ಯ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್.

ನವೀಕರಣವು ಅಪಾಯಕರವಾಗುವುದು ಫ್ಲ್ಯಾಶ್ ಮೆಮೊರಿಯ ಸ್ವಭಾವದಿಂದ. ಅದರಲ್ಲಿ ಬರೆಯುವುದೆಂದರೆ 1 ಇದ್ದ ಕಡೆ 0 ಮಾಡುವುದಷ್ಟೇ. 0 ಆದದ್ದನ್ನು ಮತ್ತೆ 1 ಮಾಡಬೇಕಾದರೆ ಬಿಡಿ ಬಿಟ್ಟನ್ನು ಮುಟ್ಟಲಾಗದೆ, ಹಲಗೆಯ ಒಂದಕ್ಷರ ತಿದ್ದಲು ಹಲಗೆಯನ್ನೇ ಒರೆಸಿದಂತೆ, ಕನಿಷ್ಠ 4 ಕಿಲೋಬೈಟ್‌ನ ಇಡೀ ತುಂಡನ್ನು ಅಳಿಸಬೇಕಾಗುತ್ತದೆ. ಹೀಗೆ ಅಳಿಸಿದ ಮೇಲೆ ಹೊಸದನ್ನು ಬರೆಯುವ ಮುನ್ನ ವಿದ್ಯುತ್ ಹೋದರೆ ಆ ಜಾಗದಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಲ್ಯಾಪ್‌ಟಾಪಿನ ಒಡಲಲ್ಲೇ ಬ್ಯಾಟರಿಯಿರುವುದರಿಂದ ಈ ಗಂಡಾಂತರ ವಿರಳ; ಗೋಡೆಯ ಸಾಕೆಟ್ಟನ್ನೇ ನಂಬಿದ ಮಿನಿ ಪಿಸಿಗೆ ಆ ಆಸರೆಯಿಲ್ಲ, ಆದಕಾರಣ ಕರೆಂಟು ಯಾವಾಗ ಕೈಕೊಡುವುದೆಂದು ಹೇಳಲಾಗದ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ವಿವೇಕವಲ್ಲ. ಈ ಚಿಪ್‌ನ ಬರಹ ಅಳಿದರೆ ಏನಾಗುತ್ತದೆಂಬುದನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1999ರ ಏಪ್ರಿಲ್ 26ರಂದು. ತೈವಾನ್‌ನಲ್ಲಿ ಹುಟ್ಟಿದ ಸಿಐಎಚ್ ಎಂಬ ವೈರಸ್ ಅಂದು ಡಿಸ್ಕ್‌ಗಳ ಮಾಹಿತಿಯ ಜೊತೆಗೆ ಅನೇಕ ಕಂಪ್ಯೂಟರುಗಳ ಬಯೋಸನ್ನೂ ಕೆಡಿಸಿತು.

ಯಂತ್ರವನ್ನು ಬಿಚ್ಚುವ ಮೊದಲು ಅದು ನಿಜವಾಗಿಯೂ ಕೆಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ನವೀಕರಣದ ನಂತರದ ಮೊದಲ ಆರಂಭದಲ್ಲಿ ಫರ್ಮ್‌ವೇರ್ ಮೆಮೊರಿಯೊಡನೆ ಮಾತಾಡಬೇಕಾದ ವೇಗ ಹಾಗೂ ವಿಳಂಬಗಳನ್ನು ಹೊಸದಾಗಿ ಅಳೆದು ಹೊಂದಿಸಿಕೊಳ್ಳುತ್ತದೆ. ಡಿಡಿಆರ್5 ಮೆಮೊರಿಯಲ್ಲಿ ಇದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು, ಆ ಹೊತ್ತಿನಲ್ಲಿ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ತೆಗೆದು ಹಾಕುವ ಉಪಾಯವೂ ಬಹಳ ಪ್ರಚಾರದಲ್ಲಿದೆ. ಗಡಿಯಾರವನ್ನೂ ಕೆಲವು ಆಯ್ಕೆಗಳನ್ನೂ ಕಾಯುವ ಆ ಬ್ಯಾಟರಿಯನ್ನು ತೆಗೆದರೆ ತಪ್ಪು ಆಯ್ಕೆಯಿಂದ ಹುಟ್ಟಿದ ತೊಂದರೆ ನೀಗಬಹುದೇ ಹೊರತು, ಅಳಿದುಹೋದ ಫರ್ಮ್‌ವೇರ್ ಮರಳಿ ಬರಲಾರದು.

ಮುಂದಿನ ದಾರಿ ತಯಾರಕರೇ ಇಟ್ಟಿರುವ ಹಿಂಬಾಗಿಲು. ಅನೇಕ ಬೋರ್ಡುಗಳ ಫರ್ಮ್‌ವೇರಿನಲ್ಲಿ ನವೀಕರಣವು ಮುಟ್ಟದ ಒಂದು ಸಣ್ಣ ಭಾಗವಿದ್ದು, ಅದು ಉಳಿದ ಭಾಗ ಹಾಳಾಗಿದ್ದರೂ ಯುಎಸ್‌ಬಿ ಕಡ್ಡಿಯಿಂದ ಫೈಲನ್ನು ಓದುವಷ್ಟು ಶಕ್ತವಾಗಿರುತ್ತದೆ. ಇಂಟೆಲ್ ಕಂಪನಿ ತಂದ, 2023ರ ನಂತರ ಏಸಸ್ ಮುಂದುವರಿಸುತ್ತಿರುವ ಎನ್‌ಯುಸಿ ಮಿನಿ ಪಿಸಿಗಳ ಅನೇಕ ಮಾದರಿಗಳಲ್ಲಿ ಬೋರ್ಡಿನ ಮೇಲಿನ ಬಯೋಸ್ ಸೆಕ್ಯುರಿಟಿ ಜಂಪರ್ ಎಂಬ ಚಿಕ್ಕ ಟೋಪಿಯನ್ನು ಕಿತ್ತು, ಫ್ಯಾಟ್32 ರೂಪದ ಕಡ್ಡಿಯಲ್ಲಿ ಆ ಮಾದರಿಗೆ ಸಲ್ಲುವ ಫೈಲನ್ನಿಟ್ಟು ಯಂತ್ರವನ್ನು ಚಾಲೂ ಮಾಡಿದರೆ ಚೇತರಿಕೆ ತಾನಾಗಿ ಆರಂಭವಾಗುತ್ತದೆ. ಹೆಸರು ಕೇಳದ ಅಗ್ಗದ ಪೆಟ್ಟಿಗೆಗಳ ತಯಾರಕರು ಇಂತಹ ಸೌಕರ್ಯವನ್ನು ಇಟ್ಟಿರುವರೆಂಬ ಭರವಸೆಯಿಲ್ಲ, ಇಟ್ಟಿದ್ದರೂ ಅದರ ವಿವರ ಕೈಪಿಡಿಯಲ್ಲಿ ಸಿಗುವುದು ಅಪರೂಪ.

ಆಗ ಉಳಿಯುವುದು ಪ್ರೋಗ್ರಾಮರ್, ಅಂದರೆ ಪ್ರೊಸೆಸರ್‌ನ ನೆರವೇ ಇಲ್ಲದೆ ಚಿಪ್‌ ಅನ್ನು ನೇರವಾಗಿ ಓದಿ ಬರೆಯುವ ಉಪಕರಣ. ಸಿಎಚ್341ಎ ಎಂಬ ಅಗ್ಗದ ಯುಎಸ್‌ಬಿ ಸಾಧನ, ಚಿಪ್‌ನ ಎಂಟು ಕಾಲನ್ನೂ ಒಟ್ಟಿಗೆ ಕಚ್ಚಿ ಹಿಡಿಯುವ ಕ್ಲಿಪ್, ಮತ್ತು ಫ್ಲ್ಯಾಶ್‌ರಾಮ್ ಎಂಬ ಮುಕ್ತ ತಂತ್ರಾಂಶ ಇದ್ದ ಇನ್ನೊಂದು ಕಂಪ್ಯೂಟರು ಇದಕ್ಕೆ ಸಾಕು. ಆದರೆ ಈ ಅಗ್ಗದ ಸಾಧನದಲ್ಲಿ ಒಂದು ಕುಖ್ಯಾತ ದೋಷವಿದೆ: ಅದರ ಹಲವು ಆವೃತ್ತಿಗಳು ಚಿಪ್‌ಗೆ 3.3 ವೋಲ್ಟ್ ಶಕ್ತಿ ಕೊಡುತ್ತಲೇ ಸಂಕೇತದ ತಂತಿಗಳಲ್ಲಿ 5 ವೋಲ್ಟ್ ಹರಿಸುತ್ತವೆ. 1.8 ವೋಲ್ಟ್‌ನಲ್ಲಿ ಕೆಲಸ ಮಾಡುವ ಚಿಪ್‌ಗಳೂ ಬಳಕೆಯಲ್ಲಿದ್ದು, ಅವಕ್ಕೆ ಪ್ರತ್ಯೇಕ ಅಡಾಪ್ಟರ್ ಇಲ್ಲದಿದ್ದರೆ ಬದುಕಿಸಲು ಹೊರಟ ಚಿಪ್ಪೇ ಸುಟ್ಟೀತು. ಆದ್ದರಿಂದ ಚಿಪ್‌ನ ಬೆನ್ನ ಮೇಲಿನ ಸಂಖ್ಯೆಯನ್ನು ಭೂತಗನ್ನಡಿಯಲ್ಲಾದರೂ ಕೊನೆಯಕ್ಷರದವರೆಗೆ ಓದಬೇಕು. ವಿನ್‌ಬಾಂಡ್‌ನ 25ಕ್ಯೂ128 ಚಿಪ್‌ಗಳಲ್ಲಿ ಜೆವಿ ಎಂದಿದ್ದರೆ ಅದು 3.3 ವೋಲ್ಟಿನದು, ಎಫ್‌ಡಬ್ಲ್ಯೂ ಎಂದಿದ್ದರೆ 1.8 ವೋಲ್ಟಿನದು.

ಯಂತ್ರದ ಅಡಾಪ್ಟರ್ ಮತ್ತು ಬ್ಯಾಟರಿಯನ್ನು ಬೇರ್ಪಡಿಸಿ ಕ್ಲಿಪ್ ಕಚ್ಚಿಸಿದ ಮೇಲೆ ಮೊದಲು ಮಾಡಬೇಕಾದದ್ದು ಬರೆಯುವುದಲ್ಲ, ಓದುವುದು. ದುರಸ್ತಿಗಾರನ ನಿಜವಾದ ಕಸುಬುಗಾರಿಕೆ ತಿಳಿಯುವುದೂ ಇಲ್ಲಿಯೇ. ಚಿಪ್‌ನ ಬರಹವನ್ನು ಎರಡು ಬಾರಿ ಪೂರ್ತಿಯಾಗಿ ಓದಿ, ಎರಡೂ ಪ್ರತಿಗಳು ಬೈಟ್ ಬೈಟಿಗೂ ಒಂದೇ ಆಗಿವೆಯೇ ಎಂದು ಹೋಲಿಸಬೇಕು. ಹೊಂದದಿದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ, ಇಲ್ಲವೇ ಚಿಪ್‌ಗೆ ಕೊಟ್ಟ ವಿದ್ಯುತ್ತನ್ನು ಬೋರ್ಡಿನ ಬೇರೆ ಭಾಗಗಳು ಹೀರುತ್ತಿವೆ ಎಂದರ್ಥ. ಎರಡನೆಯದಾದರೆ ಚಿಪ್‌ ಅನ್ನೇ ಬೆಸುಗೆ ಬಿಡಿಸಿ ತೆಗೆಯಬೇಕಾಗಬಹುದು. ಹಾಳಾದ ಬರಹದ ಪ್ರತಿ ಯಾಕೆ ಬೇಕೆಂದರೆ, ಅದರಲ್ಲಿ ಹಾಳಾಗದ ಭಾಗಗಳು ಬಹಳಷ್ಟಿರುತ್ತವೆ. ಇಂಟೆಲ್ ಯಂತ್ರಗಳಲ್ಲಿ ಈ 16 ಮೆಗಾಬೈಟ್ ಹಲವು ವಿಭಾಗಗಳಾಗಿ ಹಂಚಿಹೋಗಿದ್ದು, ಮೊದಲಿನದು ಉಳಿದವುಗಳ ಎಲ್ಲೆಗಳನ್ನು ಹೇಳುವ ಡಿಸ್ಕ್ರಿಪ್ಟರ್. ಮುಂದೆ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್‌ನ ಭಾಗ, ಕೆಲವು ಬೋರ್ಡುಗಳಲ್ಲಿ ಜಾಲದ ಮ್ಯಾಕ್ ವಿಳಾಸವಿರುವ ಭಾಗ, ಮತ್ತು ಬಯೋಸ್ ಭಾಗ. ಯಂತ್ರದ ಕ್ರಮಸಂಖ್ಯೆ, ಮೊದಲೇ ಅಳವಡಿಸಿದ ವಿಂಡೋಸ್‌ನ ಪರವಾನಗಿ ಕೀಲಿ ಮೊದಲಾದವು ಕೂಡ ಈ ಚಿಪ್‌ನಲ್ಲೇ ಇರುತ್ತವೆ.

ಆದುದರಿಂದಲೇ ಅದೇ ಮಾದರಿಯ ಬೇರೊಂದು ಯಂತ್ರದ ಪೂರ್ಣ ಪ್ರತಿಯನ್ನು ತಂದು ಹಾಗೆಯೇ ಬರೆದುಬಿಡುವ ಸುಲಭ ಮಾರ್ಗ ಅಷ್ಟೇನೂ ಒಳ್ಳೆಯದಲ್ಲ: ಯಂತ್ರ ಏಳುತ್ತದೆ, ಆದರೆ ಬೇರೊಂದರ ಗುರುತಿನಿಂದ ಏಳುತ್ತದೆ. ಮ್ಯಾನೇಜ್‌ಮೆಂಟ್ ಎಂಜಿನ್‌ನ ಭಾಗ ಸರಿಯಿಲ್ಲದಿದ್ದರೆ ಅನೇಕ ಇಂಟೆಲ್ ಯಂತ್ರಗಳು ಚೆನ್ನಾಗಿಯೇ ಓಡುತ್ತಿದ್ದು 30 ನಿಮಿಷಕ್ಕೆ ತಾವಾಗಿ ಆರಿಹೋಗುತ್ತವೆ. ತಯಾರಕರ ಫೈಲಿನಲ್ಲಿಯೂ ಸಾಮಾನ್ಯವಾಗಿ ಬಯೋಸ್ ಭಾಗ ಮಾತ್ರವಿದ್ದು, ಅದರ ಮೊದಲಿಗೆ ನವೀಕರಣದ ತಂತ್ರಾಂಶಕ್ಕಷ್ಟೇ ಬೇಕಾದ ತಲೆಬರಹವೊಂದು ಅಂಟಿಕೊಂಡಿರಬಹುದು; ಅದನ್ನು ಕಳೆಯದೆ ಬರೆದರೆ ಎಲ್ಲವೂ ಅಷ್ಟಷ್ಟು ಜಾರಿ, ಪ್ರೊಸೆಸರ್ ಹುಡುಕುವ ವಿಳಾಸದಲ್ಲಿ ಬೇರೇನೋ ಕೂತಿರುತ್ತದೆ. ಹೀಗಾಗಿ ಯಂತ್ರದ್ದೇ ಹಳೆಯ ಪ್ರತಿಯಲ್ಲಿ ಬಯೋಸ್ ಭಾಗವನ್ನಷ್ಟೇ ಬದಲಿಸಿ, ಒಟ್ಟು ಗಾತ್ರ ಸರಿಯಾಗಿ 1,67,77,216 ಬೈಟ್ ಇದೆಯೇ ನೋಡಿ, ಬರೆದ ನಂತರ ಇನ್ನೊಮ್ಮೆ ಓದಿ ತಾಳೆ ಹಾಕುವುದು ನಿಧಾನವಾದರೂ ಸರಿಯಾದ ಕ್ರಮ.

ಇಷ್ಟಾದ ಮೇಲೆ ಯಂತ್ರ ಎದ್ದರೂ ಕೆಲವೊಮ್ಮೆ ವಿಂಡೋಸ್‌ನ ಹೊಸ್ತಿಲಲ್ಲಿ ಇನ್ನೊಂದು ತಡೆ ಎದುರಾಗುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್, ಫರ್ಮ್‌ವೇರ್ ಬದಲಾದದ್ದನ್ನು ಟಿಪಿಎಂ ಎಂಬ ಭದ್ರತಾ ಘಟಕದ ಮೂಲಕ ಕಂಡುಕೊಂಡು, 48 ಅಂಕಿಗಳ ಚೇತರಿಕೆ ಕೀಲಿಯನ್ನು ಕೇಳುತ್ತದೆ. ಅನೇಕರ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಜೋಪಾನವಾಗಿರುತ್ತದೆ. ಅಲ್ಲಿಯೂ ಇಲ್ಲ, ಬರೆದಿಟ್ಟ ಚೀಟಿಯೂ ಇಲ್ಲವೆಂದಾದರೆ, ಯಂತ್ರವನ್ನು ಹೊಸದಾಗಿ ಬಳಸಬಹುದಾದರೂ ಡಿಸ್ಕಿನಲ್ಲಿದ್ದ ಕಡತಗಳನ್ನು ಮರಳಿ ಪಡೆಯಲು ದಾರಿಯಿಲ್ಲ.