ಭೂಮಿ ಹುಣ್ಣಿಮೆಯಿಂದ ಸಂಕ್ರಾಂತಿಯವರೆಗೆ: ಪುಟ್ಟ ಮಕ್ಕಳಿಗೆ ಮನೆಯಂಗಳದ ಕೈಕೆಲಸ ಮತ್ತು ಕಲಿಕೆ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ 3ರಿಂದ 6 ವರ್ಷದ ಮಕ್ಕಳ ಪೋಷಕರು ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಉಪಯೋಗಕ್ಕಾಗಿ)

ವಿಜಯದಶಮಿ ಕಳೆದು ಐದು ದಿನಗಳಿಗೆ ಬರುವ ಆಶ್ವಯುಜ ಹುಣ್ಣಿಮೆಯನ್ನು ಮಲೆನಾಡಿನಲ್ಲಿಯೂ ಅದರ ಸೆರಗಿನ ಊರುಗಳಲ್ಲಿಯೂ ಭೂಮಿ ಹುಣ್ಣಿಮೆಯೆಂದು ಆಚರಿಸಲಾಗುತ್ತದೆ. ಸೀಗಿ ಹುಣ್ಣಿಮೆಯೆಂಬ ಹೆಸರೂ ಇದಕ್ಕುಂಟು. ಪೈರು ಹೊಡೆ ಕಟ್ಟಿ ನಿಂತಿರುವ ಈ ಹೊತ್ತಿನಲ್ಲಿ ಭೂಮಿಯನ್ನು ತುಂಬು ಬಸುರಿಯೆಂದು ಭಾವಿಸಿ, ಆಕೆಯ ಬಯಕೆ ತೀರಿಸಲೆಂದು ಬಗೆಬಗೆಯ ಅಡುಗೆ ಮಾಡಿ, ಬುಟ್ಟಿಯಲ್ಲಿ ಹೊತ್ತು ಹೊಲಗದ್ದೆಗಳಿಗೆ ಒಯ್ಯುವುದು ಈ ಹಬ್ಬದ ಮುಖ್ಯ ಸಂಪ್ರದಾಯ. ಪೂಜೆಯ ಬಳಿಕ ಅನ್ನವನ್ನು ಹೊಲದಲ್ಲಿ ಬೀರಿ, ಹಕ್ಕಿಪಕ್ಷಿಗಳಿಗೂ ಒಂದು ಪಾಲು ಇಟ್ಟು, ಉಳಿದುದನ್ನು ಮನೆಮಂದಿ ಅಲ್ಲಿಯೇ ಕುಳಿತು ಉಣ್ಣುತ್ತಾರೆ. ಮುಂದೆ ಕೊಯ್ಲು ಮುಗಿದ ಮೇಲೆ ಕಣದಲ್ಲಿ ರಾಶಿ ಪೂಜೆ, ಪುಷ್ಯದಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಮತ್ತು ದನಕರುಗಳ ಸಿಂಗಾರ. ಹೀಗೆ ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿಯು ಅನ್ನ ಕೊಟ್ಟ ಮಣ್ಣಿಗೆ, ದುಡಿದ ದನಗಳಿಗೆ, ಬೆವರು ಹರಿಸಿದ ಜನರಿಗೆ ಋಣ ಸಲ್ಲಿಸುವ ಕಾಲ.

ಇದೇ ತಿಂಗಳುಗಳಲ್ಲಿ ಮನೆಯ ದೊಡ್ಡವರಿಗೆ ಬಿಡುವೂ ಕಡಿಮೆ. ಈರುಳ್ಳಿ ಕೀಳುವುದು, ಅಡಿಕೆ ಸುಲಿಯುವುದು, ರಾಗಿ ಕೊಯ್ಲು ಮುಂತಾದ ಕೆಲಸಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ದಸರಾ ರಜೆಯಲ್ಲಿ ಮನೆಯಲ್ಲಿರುವ ಪುಟ್ಟ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸುವುದು ಸುಲಭದ ದಾರಿಯಾಗಿ ತೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 2 ವರ್ಷ ತುಂಬದ ಮಕ್ಕಳಿಗೆ ಪರದೆಯ ಮುಂದೆ ಕೂರಿಸುವುದು ಸಲ್ಲದು. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಮೊಬೈಲನ್ನು ಕೈಯಿಂದ ತೆಗೆದುಕೊಂಡರಷ್ಟೇ ಸಾಲದು, ಆ ಕೈಗೆ ಬೇರೇನನ್ನಾದರೂ ಕೊಡಬೇಕಾಗುತ್ತದೆ. ಹಾಗೆ ಕೊಡಬಹುದಾದ, ಹಣ ಖರ್ಚಿಲ್ಲದ, ಹಬ್ಬದೊಂದಿಗೇ ಹೊಂದಿಕೊಂಡ ಐದು ಚಟುವಟಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಕೈಕೆಲಸವು ಪಾಠವಾಗುವ ಬಗೆ

ಮೂರು ವರ್ಷದ ಮಗುವಿಗೆ ಬಳಪ ಹಿಡಿಸಿ ಅಕ್ಷರ ತಿದ್ದಿಸಬೇಕೆಂಬ ಆತುರ ಅನೇಕ ಪೋಷಕರಲ್ಲಿದೆ. ಬಳಪ ಹಿಡಿಯುವ ಬೆರಳುಗಳಿಗೆ ಮೊದಲು ಬಲ ಬರಬೇಕು. ಮಣ್ಣು ನಾದುವಾಗ, ಕಾಳು ಆರಿಸುವಾಗ, ಗರಿ ಮಡಿಸುವಾಗ ಆ ಬಲ ತಾನಾಗಿಯೇ ಬರುತ್ತದೆ. ಅಡ್ಡಗೆರೆ, ಉದ್ದಗೆರೆ, ಚುಕ್ಕೆ, ಸುತ್ತು ಇವುಗಳನ್ನು ಬಿಡಿಸಿ ರೂಢಿಯಾದ ಕೈಗೆ ಮುಂದೆ ಕನ್ನಡದ ದುಂಡಾದ ಅಕ್ಷರಗಳು ಕಷ್ಟವೆನಿಸುವುದಿಲ್ಲ.

ಎರಡನೆಯದು ಮಾತು. ಕೆಲಸ ಮಾಡುತ್ತ ದೊಡ್ಡವರು ಮಗುವಿನೊಡನೆ ಆಡುವ ಮಾತಿನಲ್ಲಿಯೇ ಅದರ ಪದಸಂಪತ್ತು ಬೆಳೆಯುತ್ತದೆ. ‘ಇದೇನು?’ ಎಂಬ ಪ್ರಶ್ನೆಗೆ ಮಗು ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುತ್ತದೆ. ‘ಇದು ಹೇಗೆ ಬಂತು?’, ‘ಇನ್ನೊಂದು ಹಾಕಿದರೆ ಏನಾಗುತ್ತದೆ?’ ಎಂದು ಕೇಳಿದರೆ ಯೋಚಿಸಿ ಮಾತನಾಡುತ್ತದೆ. ಮಗು ಉತ್ತರ ಹುಡುಕುವಷ್ಟು ಹೊತ್ತು ಕಾಯುವುದು ದೊಡ್ಡವರ ಕರ್ತವ್ಯ. ಮನೆಮಾತು ಯಾವುದಿದ್ದರೂ ಅದರಲ್ಲಿಯೇ ಮಾತನಾಡುವುದು ಉತ್ತಮ.

ಚಟುವಟಿಕೆ 1: ಅಂಗೈಯಲ್ಲಿ ರಾಗಿ ತೆನೆ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ, ಕೆನಡಾದಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಸುಗ್ಗಿಯ ಕೃತಜ್ಞತಾ ಹಬ್ಬ ನಡೆಯುತ್ತದೆ. ಅಮೆರಿಕದ ಪುಟ್ಟ ಮಕ್ಕಳು ಆಗ ಕಾಗದದ ಮೇಲೆ ಅಂಗೈಯಿಟ್ಟು ಸುತ್ತ ಗೆರೆ ಎಳೆದು, ಬೆರಳುಗಳನ್ನೇ ಗರಿಗಳನ್ನಾಗಿಸಿ ಟರ್ಕಿ ಕೋಳಿಯ ಚಿತ್ರ ಮಾಡುತ್ತಾರೆ. ಕಡೂರಿನ ಬಯಲಿನ ಮಗುವಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಚಿತ್ರ ಹೊಲದಲ್ಲಿಯೇ ಇದೆ. ರಾಗಿಯ ತೆನೆ ಒಳಕ್ಕೆ ಬಾಗಿದ ಬೆರಳುಗಳನ್ನೇ ಹೋಲುತ್ತದೆ.

ಒಂದು ತೆನೆಯನ್ನು ತಂದು ಮಗುವಿನ ಕೈಗೆ ಕೊಡಬೇಕು; ಮಗು ಅದನ್ನು ತನ್ನ ಕೈಯೊಡನೆ ಹೋಲಿಸಿ ನೋಡಲಿ. ಬಳಿಕ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಗೈ ಇಡಿಸಿ ಗೆರೆ ಎಳೆಯಬೇಕು. ಮುಂಗೈಯ ಗೆರೆಯೇ ದಂಟು, ಬೆರಳುಗಳೇ ತೆನೆ. ಬೆರಳುಗಳೊಳಗೆ ಗಂಜಿ ಅಥವಾ ಮೈದಾ ಅಂಟು ಸವರಿ ರಾಗಿ ಉದುರಿಸಿದರೆ ಚಿತ್ರ ಸಿದ್ಧ. ‘ಈ ತೆನೆಗೆ ಎಷ್ಟು ಬೆರಳು? ನಿನ್ನ ಕೈಗೆ ಎಷ್ಟು?’ ಎಂದು ಎಣಿಸಬಹುದು. ಎಲ್ಲ ತೆನೆಗಳಲ್ಲಿಯೂ ಬೆರಳುಗಳ ಸಂಖ್ಯೆ ಒಂದೇ ಆಗಿರುವುದಿಲ್ಲ ಎಂಬುದನ್ನು ಮಗುವೇ ಕಂಡುಕೊಂಡರೆ ಇನ್ನೂ ಒಳ್ಳೆಯದು.

ಚಟುವಟಿಕೆ 2: ಬುಟ್ಟಿಗೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಚಿತ್ತಾರ

ಭೂಮಿ ಹುಣ್ಣಿಮೆಗೆ ಅಡುಗೆ ಒಯ್ಯುವ ಬುಟ್ಟಿಯನ್ನು ಮಲೆನಾಡಿನಲ್ಲಿ ‘ಭೂಮಣ್ಣಿ ಬುಟ್ಟಿ’ ಎನ್ನುವರು. ದೀವರು ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಲ್ಲಿ ಗೆರೆ, ಚುಕ್ಕೆ, ಪೈರು ಮುಂತಾದ ಚಿತ್ತಾರಗಳನ್ನು ಬರೆಯುತ್ತಾರೆ.

ಮಗುವಿಗಾಗಿ ಒಂದು ಹಳೆಯ ಮೊರ, ಮುರುಕು ಬುಟ್ಟಿ ಅಥವಾ ರಟ್ಟಿನ ಡಬ್ಬಿ ಸಾಕು. ಕೆಮ್ಮಣ್ಣನ್ನು ಜರಡಿ ಹಿಡಿದು ನೀರಿನಲ್ಲಿ ಕಲಸಿ, ಬಟ್ಟೆಯ ತುಂಡಿನಿಂದ ಬಳಿಸಬೇಕು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಈ ಮಣ್ಣಿದೆ ಎಂದು ಹೇಳಿದರೆ ಮಗುವಿಗೆ ಊರಿನ ಹೆಸರೂ ಅರ್ಥವಾಗುತ್ತದೆ. ನೆನೆಸಿ ಅರೆದ ಅಕ್ಕಿಯನ್ನು ತೆಳುವಾಗಿ ಕಲಸಿ, ಬೆರಳು ಅಥವಾ ಕಡ್ಡಿಗೆ ಸುತ್ತಿದ ಹತ್ತಿಯಿಂದ ಬರೆಸಬೇಕು. ಮೂರು ವರ್ಷದವರು ಚುಕ್ಕೆಗಳನ್ನಿಡಲಿ. ನಾಲ್ಕು ವರ್ಷದವರು ಗೆರೆ ಎಳೆಯಲಿ. ಐದು ವರ್ಷದವರು ‘ಎರಡು ಚುಕ್ಕೆ, ಒಂದು ಗೆರೆ, ಮತ್ತೆ ಎರಡು ಚುಕ್ಕೆ’ ಎಂಬಂತೆ ವಿನ್ಯಾಸವನ್ನು ಮುಂದುವರಿಸಲಿ. ಮುಂದೇನು ಬರುತ್ತದೆ ಎಂದು ಊಹಿಸುವುದೇ ಗಣಿತದ ಮೊದಲ ಮೆಟ್ಟಿಲು. ಮಗುವಿನ ವಕ್ರ ಗೆರೆಯನ್ನು ದೊಡ್ಡವರು ತಿದ್ದದಿರುವುದು ಲೇಸು. ಹಬ್ಬದ ದಿನ ಆ ಬುಟ್ಟಿಯಲ್ಲಿ ಒಂದು ಹಣ್ಣನ್ನಾದರೂ ಇಟ್ಟು ಹೊಲಕ್ಕೆ ಒಯ್ದರೆ ತಾನು ಮಾಡಿದ ವಸ್ತುವಿಗೆ ಬೆಲೆಯಿದೆಯೆಂದು ಮಗು ಅರಿಯುತ್ತದೆ.

ಚಟುವಟಿಕೆ 3: ಮಣ್ಣಿನ ಎತ್ತು

ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ರೂಢಿಯಿದೆ. ಅಜ್ಜಂಪುರದಲ್ಲಂತೂ ಎತ್ತಿನ ಕತೆಗೆ ದೂರ ಹೋಗಬೇಕಿಲ್ಲ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ತಳಿಯ ಸಂವರ್ಧನಾ ಕೇಂದ್ರ ಇಲ್ಲಿಯೇ ಇದೆ. ಉದ್ದನೆಯ, ಹಿಂದಕ್ಕೆ ಬಾಗಿ ತುದಿ ಚೂಪಾದ ಕೊಂಬುಗಳು ಈ ತಳಿಯ ಗುರುತು.

ಕಲ್ಲು, ಗಾಜಿನ ಚೂರುಗಳಿಲ್ಲದ ಜಿಗುಟು ಮಣ್ಣನ್ನು ದೊಡ್ಡವರೇ ತಂದು ನಾದಿ ಕೊಡಬೇಕು. ದೊಡ್ಡ ಉಂಡೆ ಮೈಗೆ, ಸಣ್ಣ ಉಂಡೆ ತಲೆಗೆ, ನಾಲ್ಕು ಬತ್ತಿ ಕಾಲಿಗೆ, ಎರಡು ಚೂಪು ಬತ್ತಿ ಕೊಂಬಿಗೆ. ‘ದೊಡ್ಡದು–ಸಣ್ಣದು’, ‘ಮುಂದೆ–ಹಿಂದೆ’, ‘ಮೇಲೆ–ಕೆಳಗೆ’ ಎಂಬ ಪದಗಳು ಈ ಕೆಲಸದಲ್ಲಿ ಸಹಜವಾಗಿ ಬರುತ್ತವೆ. ಕಾಲು ತೆಳುವಾದರೆ ಎತ್ತು ಬೀಳುತ್ತದೆ; ಏಕೆ ಬಿತ್ತು, ಏನು ಮಾಡಬೇಕು ಎಂಬುದನ್ನು ಮಗುವಿಗೇ ಬಿಡಬೇಕು. ನೆರಳಿನಲ್ಲಿ ಒಣಗಿಸಿದರೆ ಬಿರುಕು ಕಡಿಮೆ. ಈ ಎತ್ತುಗಳನ್ನು ಸಂಕ್ರಾಂತಿಯವರೆಗೆ ಕಾದಿರಿಸಿ, ಮನೆಯ ದನಗಳನ್ನು ಸಿಂಗರಿಸುವಾಗ ಇವಕ್ಕೂ ಬಣ್ಣ ಹಚ್ಚಬಹುದು.

ಚಟುವಟಿಕೆ 4: ಕಾಳು ಆರಿಸುವುದು, ಅಳೆಯುವುದು

ಅವರೆ, ಅಲಸಂದೆ, ಹುರುಳಿ, ತೊಗರಿ ಕಾಳುಗಳನ್ನು ಬೆರೆಸಿ, ಅಡಿಕೆ ಹಾಳೆಯ ತಟ್ಟೆಗಳಲ್ಲಿ ಬೇರೆಬೇರೆಯಾಗಿ ಆರಿಸಲು ಹೇಳಬೇಕು. ಬಣ್ಣದಿಂದ, ಗಾತ್ರದಿಂದ, ಆಕಾರದಿಂದ ವಿಂಗಡಿಸುವ ಶಕ್ತಿ ಇದರಿಂದ ಬೆಳೆಯುತ್ತದೆ. ಬಳಿಕ ಅಳತೆ. ಅಟ್ಟದ ಮೇಲಿರುವ ಹಳೆಯ ಪಾವು, ಸೇರುಗಳನ್ನು ಇಳಿಸಿ ತೊಳೆದು ಕೊಡಬಹುದು. ನಾಲ್ಕು ಪಾವು ಸುರಿದರೆ ಒಂದು ಸೇರು ತುಂಬುತ್ತದೆಯೇ ಎಂದು ಮಗುವೇ ನೋಡಲಿ. ಇವು ಇಲ್ಲದ ಮನೆಯಲ್ಲಿ ತೆಂಗಿನ ಚಿಪ್ಪು ಮತ್ತು ಚೊಂಬು ಸಾಕು.

ರಾಶಿ ಅಳೆಯುವಾಗ ಹಿರಿಯರು ಮೊದಲನೆಯ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದುದನ್ನು ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಬೇಕು. ‘ಲಾಭ, ಎರಡು, ಮೂರು’ ಎಂದು ಎಣಿಸುವುದು ಮಕ್ಕಳಿಗೆ ಆಟವೂ ಹೌದು. ಒಂದರಿಂದ ಹತ್ತರವರೆಗೆ ಬಾಯಿಪಾಠ ಒಪ್ಪಿಸುವುದಕ್ಕಿಂತ ಐದು ಕಾಳನ್ನು ಎಣಿಸಿ ಕೈಯಲ್ಲಿಡುವುದು ದೊಡ್ಡ ಕಲಿಕೆ.

ಚಟುವಟಿಕೆ 5: ಮುದ್ದೆ ಬಂದ ದಾರಿ

‘ಥ್ಯಾಂಕ್ಸ್ ಹೇಳು’ ಎಂದು ಒತ್ತಾಯಿಸಿದರೆ ಮಗು ಆ ಪದವನ್ನಷ್ಟೇ ಕಲಿಯುತ್ತದೆ. ಯಾರಿಗೆ, ಏತಕ್ಕೆ ಎಂಬುದು ತಿಳಿದಾಗ ಕೃತಜ್ಞತೆ ಹುಟ್ಟುತ್ತದೆ. ತಟ್ಟೆಯಲ್ಲಿರುವ ಮುದ್ದೆಯಿಂದ ಆರಂಭಿಸಿ ಹಿಂದಕ್ಕೆ ಹೋಗಬೇಕು: ತೊಳಸಿದವರು ಯಾರು, ಹಿಟ್ಟು ಬೀಸಿದ ಗಿರಣಿಯವರು ಯಾರು, ಒಕ್ಕಣೆ ಮಾಡಿದವರು, ಕೂಲಿಗೆ ಬಂದು ಕೊಯ್ದವರು, ಕಳೆ ತೆಗೆದವರು, ಉತ್ತವರು, ಮಳೆ, ಮಣ್ಣು. ಪ್ರತಿಯೊಬ್ಬರಿಗೂ ಒಂದೊಂದು ಕಾಗದದ ಪಟ್ಟಿ. ಅದರಲ್ಲಿ ಮಗು ಬಿಡಿಸಿದ ಚಿತ್ರ. ಪಟ್ಟಿಗಳನ್ನು ಬಳೆಯಂತೆ ಅಂಟಿಸಿ ಒಂದರೊಳಗೊಂದು ಕೋದರೆ ಸರಪಳಿಯಾಗುತ್ತದೆ. ತೆಂಗಿನ ಗರಿಯಲ್ಲಿಯೂ ಇದನ್ನು ಮಾಡಬಹುದು.

ಹಿಂದೆ ಕಣದಲ್ಲಿ ರಾಶಿ ಮನೆಗೆ ಹೋಗುವ ಮೊದಲೇ ಬಡಗಿ, ಕಮ್ಮಾರ, ಕುಂಬಾರ, ಮಡಿವಾಳ, ನೀರಗಂಟಿ ಮುಂತಾದವರಿಗೆ ಆಯ ಅಳೆದು ಕೊಡಲಾಗುತ್ತಿತ್ತು. ಅದು ದಾನವಾಗಿರಲಿಲ್ಲ, ದುಡಿಮೆಯ ಪಾಲಾಗಿತ್ತು. ದುಡಿದವರ ಹೆಸರನ್ನು ಗೌರವದಿಂದ ಹೇಳುವುದನ್ನು ಮಗು ಮನೆಯ ದೊಡ್ಡವರ ಬಾಯಿಂದಲೇ ಕಲಿಯಬೇಕು. ಕೂಲಿಗೆ ಬಂದವರನ್ನು ‘ಅಣ್ಣ’, ‘ಅಕ್ಕ’ ಎಂದು ಮನೆಯವರು ಕರೆದರೆ ಮಗುವೂ ಹಾಗೆಯೇ ಕರೆಯುತ್ತದೆ. ಸರಪಳಿಯಲ್ಲಿರುವ ಒಬ್ಬರಿಗೆ ಮಗುವಿನ ಕೈಯಿಂದಲೇ ಎಳ್ಳುಬೆಲ್ಲವನ್ನೋ ಒಂದು ಲೋಟ ಮಜ್ಜಿಗೆಯನ್ನೋ ಕೊಡಿಸುವುದು ಈ ಚಟುವಟಿಕೆಯ ಕೊನೆಯ ಹಂತ.

ಪಾಲಿಸಬೇಕಾದ ಮುನ್ನೆಚ್ಚರಿಕೆಗಳು

1. ಮೂರು ವರ್ಷ ತುಂಬದ ಮಕ್ಕಳ ಕೈಗೆ ಕಾಳು ಕೊಡಬಾರದು. ದೊಡ್ಡ ಮಕ್ಕಳು ಆರಿಸುವಾಗಲೂ ಹಿರಿಯರೊಬ್ಬರು ಜೊತೆಗಿರಬೇಕು. ಕಾಳು ಮೂಗು ಅಥವಾ ಕಿವಿಗೆ ಸೇರಿದರೆ ಪಿನ್ನು, ಕಡ್ಡಿ ಹಾಕದೆ ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಬೇಕು.

2. ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ. ಅಡುಗೆಮನೆಯ ಕಾಳನ್ನು ಮಾತ್ರ ಬಳಸಬೇಕು. ಕೀಟನಾಶಕದ ಡಬ್ಬಿ, ಬಾಟಲಿಗಳನ್ನು ತೊಳೆದ ಮೇಲೂ ಆಟಕ್ಕೆ ಕೊಡಬಾರದು.

3. ಬಿಳಿ ಬಣ್ಣಕ್ಕೆ ಸುಣ್ಣ ಬೇಡ. ಕಣ್ಣಿಗೆ ಸಿಡಿದರೆ ದೃಷ್ಟಿಗೆ ಅಪಾಯ.

4. ಮಳೆಗಾಲದ ಕೊನೆಗೆ ಕೆರೆ, ಕಟ್ಟೆ, ಕೃಷಿ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಜಾರಿದ ಮಗು ಹತ್ತಿ ಬರಲಾರದು. ಮಣ್ಣು ತರಲು ಮಕ್ಕಳನ್ನು ಎಂದಿಗೂ ಕಳುಹಿಸಬಾರದು. ಹಬ್ಬಕ್ಕೆ ಹೊಲಕ್ಕೆ ಒಯ್ದಾಗ ಕೈ ಬಿಡಬಾರದು.

ದುಡಿಯುವ ಮನೆಗಳಲ್ಲಿ ಸಮಯದ ಹೊಂದಿಕೆ

ದಿನಕ್ಕೆ 15ರಿಂದ 20 ನಿಮಿಷ ಸಾಕು. ಮಗುವಿನ ಗಮನವೂ ಅಷ್ಟೇ ಹೊತ್ತು ನಿಲ್ಲುವುದು. ವಾರಕ್ಕೆ ಒಂದು ಚಟುವಟಿಕೆಯನ್ನು ಆರಿಸಿಕೊಂಡು ಮತ್ತೆ ಮತ್ತೆ ಮಾಡಿಸಿದರೆ ಐದು ವಾರಗಳಿಗೆ ಸಾಲುತ್ತದೆ. ಸಂಜೆ ಅಡುಗೆ ಮಾಡುತ್ತಲೇ ಕಾಳು ಆರಿಸಲು ಹೇಳಬಹುದು. ತಂದೆಯೂ ಇದರಲ್ಲಿ ಪಾಲುಗೊಳ್ಳಬೇಕು. ಅಜ್ಜ ಅಜ್ಜಿಯರಿರುವ ಮನೆಯಲ್ಲಿ ಅವರೇ ಉತ್ತಮ ಶಿಕ್ಷಕರು. ಆದರೆ ಸುಗ್ಗಿಯ ದಿನಗಳಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಹಿರಿಯ ಹೆಣ್ಣುಮಗುವನ್ನು ಶಾಲೆ ಬಿಡಿಸುವುದು ಸಲ್ಲದು. ರಜೆಯಿಲ್ಲದ ದಿನಗಳಲ್ಲಿ ಪುಟ್ಟ ಮಕ್ಕಳನ್ನು ಅಂಗನವಾಡಿಗೆ ತಪ್ಪದೆ ಕಳುಹಿಸಬೇಕು. ಅದಕ್ಕೂ ಚಿಕ್ಕ ಮಕ್ಕಳಿಗೆ ‘ಕೂಸಿನ ಮನೆ’ ಇರುವ ಗ್ರಾಮ ಪಂಚಾಯಿತಿಗಳಲ್ಲಿ ಅದರ ಉಪಯೋಗ ಪಡೆಯಬಹುದು.

ಅಂಗನವಾಡಿಯೊಡನೆ ಕೊಂಡಿ

ಮಗು ಮಾಡಿದ ತೆನೆಯ ಚಿತ್ರ, ಎತ್ತು, ಸರಪಳಿಗಳನ್ನು ಅಂಗನವಾಡಿಗೆ ಕಳುಹಿಸಿದರೆ ಕಾರ್ಯಕರ್ತೆಯರು ಅವುಗಳನ್ನು ಮಕ್ಕಳ ಕಣ್ಣಳತೆಯಲ್ಲಿ ಜೋಡಿಸಿ, ಪ್ರತಿ ಮಗುವಿನಿಂದ ಎರಡು ಮಾತು ಆಡಿಸಬಹುದು. ಬೇರೆ ಬೇರೆ ಮನೆಗಳ ಹಬ್ಬಗಳಿಗೂ ಅಲ್ಲಿ ಎಡೆಯಿರಬೇಕು. ಸುಗ್ಗಿಯ ಋಣ ಎಲ್ಲ ಮನೆಗಳಿಗೂ ಸೇರಿದ್ದು. ಕರಾವಳಿಯ ಕ್ರೈಸ್ತ ಮಕ್ಕಳು ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಹೂಗಳನ್ನು ಅರ್ಪಿಸುತ್ತಾರೆ; ಹಬ್ಬದ ದಿನ ಮನೆಯವರೆಲ್ಲ ಹೊಸ ಭತ್ತದ ಊಟ ಮಾಡುತ್ತಾರೆ.

ಈ ಚಟುವಟಿಕೆಗಳಿಂದ ಪೋಷಕರಿಗೆ ಇನ್ನೊಂದು ಪ್ರಯೋಜನವಿದೆ. ದಿನವೂ ಕೆಲ ಹೊತ್ತು ಮಗುವಿನ ಎದುರು ಕುಳಿತಾಗ ಅದು ಹೇಗೆ ನೋಡುತ್ತದೆ, ಹೇಗೆ ಕೇಳಿಸಿಕೊಳ್ಳುತ್ತದೆ, ಹೇಗೆ ಮಾತನಾಡುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಮೂರು ವರ್ಷ ದಾಟಿದರೂ ಸಣ್ಣ ವಾಕ್ಯಗಳನ್ನಾಡದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ, ಕಾಳನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದರೆ, ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತವೆ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮುಂದಿನ ಚಿಕಿತ್ಸೆಗೆ ದಾರಿಯಾಗುತ್ತದೆ. ಬೇಗ ಗುರುತಿಸಿದ ತೊಂದರೆಯನ್ನು ಸರಿಪಡಿಸುವುದು ಸುಲಭ. ಹೊಡೆ ಕಟ್ಟುವ ಮೊದಲೇ ಪೈರಿನ ರೋಗವನ್ನು ಗುರುತಿಸುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.